ಸ್ಟಾರ್ಟ್ ಆಗದ ಬೈಕು, ಎರಡು ಸಲ ಬಿಚ್ಚಿದ ಕಾರ್ಬೊರೇಟರ್

ನಾಲ್ಕೂವರೆ ತಿಂಗಳು ನಿಂತಲ್ಲೇ ನಿಂತಿದ್ದ ಬೈಕು. ಕೆಲಸದ ಮೇಲೆ ದೂರ ಹೋಗಿದ್ದೆ. ಹೋಗುವಾಗ ಕವರ್ ಹೊದಿಸಿ, ಹ್ಯಾಂಡಲ್ ಲಾಕ್ ಮಾಡಿ, ಕೀ ಜೇಬಿಗೆ ಹಾಕಿಕೊಂಡೆ, ಅಷ್ಟೇ. ಪೆಟ್ರೋಲ್ ನಾಬ್ ಬಂದ್ ಮಾಡಲಿಲ್ಲ, ಬ್ಯಾಟರಿ ವೈರ್ ಬಿಚ್ಚಲಿಲ್ಲ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸುವ ಕಾರ್ಬೊರೇಟರ್ ಖಾಲಿ ಮಾಡಲಿಲ್ಲ. ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಸೋಮಾರಿತನ.

ವಾಪಸ್ ಬಂದ ಮರುದಿನ ಬೆಳಿಗ್ಗೆ ಕವರ್ ಎಳೆದು ಕೀ ತಿರುಗಿಸಿದೆ. ನ್ಯೂಟ್ರಲ್ ದೀಪ ಹತ್ತಿತು, ಆದರೆ ಎಣ್ಣೆ ಮುಗಿದ ದೀಪದ ಹಾಗೆ ಮಂಕು. ಸೆಲ್ಫ್ ಒತ್ತಿದೆ. ಟಕಟಕಟಕಟಕ. ಇನ್ನೊಮ್ಮೆ ಒತ್ತಿದೆ. ಅದೇ ಟಕಟಕ, ಈ ಸಲ ನ್ಯೂಟ್ರಲ್ ದೀಪವೂ ಕಣ್ಣು ಮುಚ್ಚಿತು.

ಈ ಟಕಟಕ ಸ್ಟಾರ್ಟರ್ ರಿಲೇದು, ಅಂದರೆ ಸೆಲ್ಫ್ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚಿನದು. ರಿಲೇ ಒಳಗಿನ ಕಾಯಿಲ್‌ಗೆ ಸ್ವಲ್ಪ ಕರೆಂಟು ಸಾಕು, ಅದು ಕಾಂಟ್ಯಾಕ್ಟನ್ನು ಎಳೆದುಕೊಳ್ಳುತ್ತದೆ. ಕೂಡಲೇ ಸೆಲ್ಫ್ ಮೋಟರು ಇದ್ದಬದ್ದ ಕರೆಂಟನ್ನೆಲ್ಲ ಹೀರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರಿಲೇ ಕೈಬಿಡುತ್ತದೆ. ಬಿಟ್ಟ ತಕ್ಷಣ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಒಂದೇ ಸಲ ಟಕ್ ಅಂದು ಸುಮ್ಮನಾದರೆ ರಿಲೇ ಕಾಂಟ್ಯಾಕ್ಟೋ ಮೋಟರೋ ನೋಡಬೇಕು. ಸಾಲಾಗಿ ಟಕಟಕ ಅಂದರೆ ಹೆಚ್ಚಾಗಿ ಬ್ಯಾಟರಿ, ಇಲ್ಲವೇ ಅದರ ಟರ್ಮಿನಲ್.

ಆವತ್ತು ಇಷ್ಟೆಲ್ಲ ಯೋಚನೆ ಎಲ್ಲಿತ್ತು? ಬ್ಯಾಟರಿ ಹೋದರೆ ಹೋಗಲಿ, ಕಿಕ್ಕರ್ ಇದೆಯಲ್ಲ ಅಂತ ಒದೆಯಲು ಶುರು ಮಾಡಿದೆ. ಚೋಕ್ ಎಳೆದು ಒದ್ದೆ, ಚೋಕ್ ಬಿಟ್ಟು ಒದ್ದೆ, ಆಕ್ಸಿಲರೇಟರ್ ತಿರುವುತ್ತಾ ಒದ್ದೆ, ಸಿಟ್ಟಿನಲ್ಲಿ ಒದ್ದೆ. ನಲವತ್ತು ದಾಟಿರಬೇಕು. ಕಾಲಿನ ಮೀನಖಂಡ ಕಲ್ಲಾಯಿತು. ಒಳಗಿನಿಂದ ತಮ್ಮ ಬಂದ. ಐದು ನಿಮಿಷ ಬಾಗಿಲಿಗೆ ಒರಗಿಕೊಂಡು ನೋಡುತ್ತಾ ನಿಂತ. ಆಮೇಲೆ, "ಅಣ್ಣಾ, ಆ ಕೆಂಪು ಸ್ವಿಚ್ ಆಫ್ ಇದೆ" ಅಂದ.

ಕಿಲ್ ಸ್ವಿಚ್. ಕವರ್ ಎಳೆಯುವಾಗ ಅದರ ದಾರ ಸಿಕ್ಕಿಕೊಂಡು ಸ್ವಿಚ್ ಆಫ್ ಆಗಿತ್ತು ಅಂತ ಕಾಣುತ್ತದೆ. ಕೆಲವು ಬೈಕುಗಳಲ್ಲಿ ಕಿಲ್ ಸ್ವಿಚ್ ಆಫ್ ಇದ್ದರೆ ಸೆಲ್ಫೇ ತಿರುಗುವುದಿಲ್ಲ, ಹಾಗಾಗಿ ಬೇಗ ಗೊತ್ತಾಗುತ್ತದೆ. ನನ್ನದರಲ್ಲಿ ಅದು ಇಂಜಿನ್ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ಗೆ ಹೋಗುವ ಕರೆಂಟನ್ನು ಮಾತ್ರ ತಡೆಯುತ್ತದೆ. ಎಷ್ಟು ಒದ್ದರೂ ಏನೂ ಹೇಳುವುದಿಲ್ಲ, ಸುಮ್ನೆ ಒದೆಸಿಕೊಳ್ಳುತ್ತದೆ. ಆಫ್ ಇದ್ದರೂ ನೋಡದೆ ನಲವತ್ತು ಸಲ ಒದ್ದೆನಲ್ಲ, ಅದನ್ನು ತಮ್ಮ ಇನ್ನೂ ಮರೆತಿಲ್ಲ.

ಸ್ವಿಚ್ ಆನ್ ಮಾಡಿ ಮತ್ತೆ ಒದ್ದೆ. ಹತ್ತಿಕೊಳ್ಳಲಿಲ್ಲ.

ಇಲ್ಲಿ ಒಂದು ವಿಷಯ. ಬ್ಯಾಟರಿ ಪೂರ್ತಿ ಸತ್ತರೂ ಕಿಕ್ ಹೊಡೆದು ಸ್ಟಾರ್ಟ್ ಮಾಡಬಹುದು ಅನ್ನುವುದು ಎಲ್ಲ ಬೈಕಿಗೂ ಅನ್ವಯಿಸುವ ಮಾತಲ್ಲ. ಹಳೆಯ ಹಲವು ಬೈಕುಗಳಲ್ಲಿ ಪ್ಲಗ್‌ಗೆ ಬೇಕಾದ ಕರೆಂಟು ಇಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಕಡೆಯ ಕಾಯಿಲ್‌ನಿಂದ ನೇರವಾಗಿ ಬರುತ್ತಿತ್ತು, ಬ್ಯಾಟರಿಯನ್ನೇ ಬಿಚ್ಚಿಟ್ಟರೂ ಓಡುತ್ತಿದ್ದವು. ಆಮೇಲೆ ಬಂದ ಎಷ್ಟೋ ಬೈಕುಗಳಲ್ಲಿ ಪ್ಲಗ್‌ನಲ್ಲಿ ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಸಿಡಿಐ ಎಂಬ ಡಬ್ಬಿಗೆ ಕರೆಂಟು ಬ್ಯಾಟರಿಯಿಂದ ಹೋಗುತ್ತದೆ. ನನ್ನದು ಎರಡನೇ ಜಾತಿ. ಬ್ಯಾಟರಿ ಅಷ್ಟು ಇಳಿದಿದ್ದರೆ ಕಿಕ್ ಹೊಡೆದರೂ ಪ್ಲಗ್‌ನಲ್ಲಿ ಸರಿಯಾದ ಕಿಡಿ ಬರುವುದು ಅನುಮಾನವೇ.

ಮಲ್ಟಿಮೀಟರ್ ತಂದು ಟರ್ಮಿನಲ್‌ಗೆ ಹಿಡಿದೆ. 11.3 ವೋಲ್ಟ್. 12 ವೋಲ್ಟ್ ಬ್ಯಾಟರಿ ಅಂದರೆ 12 ಇದ್ದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಹಾಗಲ್ಲ. ತುಂಬಿದ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12ಕ್ಕೆ ಇಳಿದರೆ ಹೆಚ್ಚುಕಡಿಮೆ ಕಾಲು ಭಾಗವಷ್ಟೇ ಉಳಿದಿದೆ ಅಂತ. 11.3 ಅಂದರೆ ಖಾಲಿ. ನಿಂತಿದ್ದ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ, ಮೀಟರಿನಲ್ಲಿರುವ ಗಡಿಯಾರವೂ ಹನಿ ಹನಿ ಕುಡಿಯುತ್ತಿರುತ್ತದೆ.

ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಇದಕ್ಕೆ ಕಾರಣ ಇದೆ. ಮೈನಸ್ ಬೈಕಿನ ಬಾಡಿಗೇ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ಜಾರಿ ಚಾಸಿಗೆ ತಗುಲಿದರೆ ಅಲ್ಲೇ ದೊಡ್ಡ ಕಿಡಿ. ಮೈನಸ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗುವುದಿಲ್ಲ. ಹಾಕುವಾಗ ಇದರ ಉಲ್ಟಾ. ಟರ್ಮಿನಲ್ ಮೇಲೆ ಸುಣ್ಣದಂಥ ಬಿಳಿ ಪುಡಿ ಕೂತಿತ್ತು. ಬಿಸಿನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ಒರೆಸಿದೆ. ಬ್ಯಾಟರಿ 5 ಆಂಪಿಯರ್ ಅವರ್‌ನದು, ಅದಕ್ಕೆ ಅರ್ಧ ಆಂಪಿಯರ್ ಆಸುಪಾಸಿನಲ್ಲಿ ಹತ್ತು ಗಂಟೆ ಚಾರ್ಜ್ ಮಾಡಿದರೆ ಒಳ್ಳೆಯದು. ಪಕ್ಕದ ಮನೆಯವರು ಪಾಪ ತಮ್ಮ ಕಾರಿನ ದೊಡ್ಡ ಚಾರ್ಜರ್ ಕೊಡಲು ಬಂದರು, ಬೇಡ ಅಂದೆ. ಅದರಲ್ಲಿ ಇಂಥ ಸಣ್ಣ ಬ್ಯಾಟರಿ ಕುದ್ದುಹೋಗುತ್ತದೆ.

ಮರುದಿನ 12.7. ಸೆಲ್ಫ್ ಒತ್ತಿದಾಗ ಮೀಟರ್ 10.6ರವರೆಗೆ ಇಳಿದು ವಾಪಸ್ ಬಂತು. ಅಂದರೆ ಬ್ಯಾಟರಿಯಲ್ಲಿ ಜೀವ ಇದೆ. ಚಾರ್ಜ್ ಮಾಡಿದ ಮೇಲೂ, ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದಿದ್ದರೆ ಹೊಸದು ತರಬೇಕಾಗುತ್ತಿತ್ತು.

ಸೆಲ್ಫ್ ಈಗ ಜೋರಾಗಿ ತಿರುಗುತ್ತಿತ್ತು. ಇಂಜಿನ್ ಮಾತ್ರ ಹತ್ತಿಕೊಳ್ಳುತ್ತಿರಲಿಲ್ಲ.

ಆವತ್ತು ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಪ್ಲಗ್ ಬಿಚ್ಚಿದ್ದು. ಬುದ್ಧಿವಂತಿಕೆಯಿಂದ ಮಾಡಿದ್ದೂ ಅಲ್ಲ, ಪ್ಲಗ್ ಪಾನಾ ಕೈಗೆ ಸಿಕ್ಕಿತು, ಬಿಚ್ಚಿದೆ. ಅಷ್ಟು ಹೊತ್ತು ಸೆಲ್ಫ್ ಹೊಡೆದಿದ್ದರೂ ಪ್ಲಗ್‌ನ ತುದಿ ಒಣ ಒಣ. ಮೂಸಿದರೆ ಪೆಟ್ರೋಲ್ ವಾಸನೆಯೂ ಇಲ್ಲ. ಅಂದರೆ ಇಂಜಿನ್ ಒಳಗೆ ಪೆಟ್ರೋಲೇ ಹೋಗುತ್ತಿಲ್ಲ. ಟ್ಯಾಂಕ್ ಅಲುಗಾಡಿಸಿದರೆ ಕುಲುಕುಲು ಸದ್ದು. ಪೈಪ್ ಎಳೆದು ಬಾಟಲಿಗೆ ಹಿಡಿದರೆ ಧಾರಾಳವಾಗಿ ಬಂತು. ಹಾಗಾದರೆ ಕಾರ್ಬೊರೇಟರ್‌ನವರೆಗೆ ಬರುತ್ತಿದೆ, ಅಲ್ಲಿಂದ ಮುಂದೆ ಹೋಗುತ್ತಿಲ್ಲ.

ಕಾರ್ಬೊರೇಟರ್ ಕೆಳಗೆ ಬೌಲ್ ಅಂತ ಒಂದು ಸಣ್ಣ ಬಟ್ಟಲು ಇರುತ್ತದೆ, ಅದರ ತಳದಲ್ಲಿ ಡ್ರೈನ್ ಸ್ಕ್ರೂ. ಅದನ್ನು ಸಡಿಲ ಮಾಡಿದೆ. ಒಂದು ಚಮಚದಷ್ಟು ಬಂತು, ಹಳದಿ ಬಣ್ಣ, ಹಳೇ ಪೇಂಟ್ ಡಬ್ಬಿ ತೆಗೆದಂಥ ವಾಸನೆ. ಆಮೇಲೆ ಬಂದ್. ಪೆಟ್ರೋಲ್ ಅನ್ನುವುದು ಒಂದೇ ವಸ್ತುವಲ್ಲ, ಹಲವು ದ್ರವಗಳ ಬೆರಕೆ. ಅದರಲ್ಲಿ ಹಗುರವಾದದ್ದು ಮೊದಲು ಆರಿಹೋಗುತ್ತದೆ, ಇಂಜಿನ್ ಸುಲಭವಾಗಿ ಹತ್ತಿಕೊಳ್ಳಲು ಬೇಕಾದದ್ದು ಅದೇ. ಉಳಿದದ್ದು ಅಂಟಾಗಿ ಗೋಡೆಗೆ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗೆ, ಫ್ಲೋಟಿನ ಸೂಜಿಗೆ ಮೆತ್ತಿಕೊಳ್ಳುತ್ತದೆ. ಬೌಲ್‌ಗೆ ಪೆಟ್ರೋಲ್ ಬಿಡುವುದು, ತಡೆಯುವುದು ಆ ಸೂಜಿಯೇ, ನನ್ನ ಬೈಕಿನಲ್ಲಿ ಅದು ಮುಚ್ಚಿದಲ್ಲೇ ಅಂಟಿಕೊಂಡಿತ್ತು. ಬೌಲ್ ಖಾಲಿಯಾದರೂ ಮೇಲಿಂದ ಹೊಸ ಪೆಟ್ರೋಲ್ ಇಳಿಯಲು ದಾರಿಯಿಲ್ಲ.

ಸ್ಕ್ರೂ ಡ್ರೈವರ್ ಹಿಡಿಯ ಕಡೆಯಿಂದ ಬೌಲ್‌ಗೆ ನಾಲ್ಕು ಸಲ ಮೆಲ್ಲಗೆ ಕುಟ್ಟಿದೆ. ಇದು ಯಾರು ಹೇಳಿಕೊಟ್ಟರೋ ನೆನಪಿಲ್ಲ, ಬಾಲ್ಯದಿಂದ ನೋಡಿದ್ದು. ಒಳಗೆ ಸಣ್ಣ ಸದ್ದಾಯಿತು, ಡ್ರೈನ್‌ನಲ್ಲಿ ಪೆಟ್ರೋಲ್ ಸುರಿಯಿತು. ಸ್ಕ್ರೂ ಬಿಗಿದು, ಚೋಕ್ ಎಳೆದು, ಕಿಕ್ ಹೊಡೆದೆ. ಎರಡನೇ ಒದೆತಕ್ಕೆ ಹತ್ತಿಕೊಂಡಿತು! ತಮ್ಮನನ್ನು ಕೂಗಿ ಕರೆದೆ. ಅವನು ಬರುವಷ್ಟರಲ್ಲಿ ಚೋಕ್ ಬಿಟ್ಟೆ, ಇಂಜಿನ್ ನಿಂತುಹೋಯಿತು. ಚೋಕ್ ಎಳೆದರೆ ಓಡುತ್ತದೆ, ಬಿಟ್ಟರೆ ಸಾಯುತ್ತದೆ. ಐದಾರು ಸಲ ಇದೇ ಆಟ.

ಇದು ಪೈಲಟ್ ಜೆಟ್ ಕಟ್ಟಿಕೊಂಡಿರುವ ಲಕ್ಷಣ. ಬೈಕು ನಿಂತಲ್ಲಿ ಗುರುಗುಡಲು ಬೇಕಾದ ಪೆಟ್ರೋಲ್ ಬರುವುದು ಆ ಜೆಟ್‌ನಿಂದ. ಅದರ ತೂತು ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು, ಸುಮಾರು 0.35 ಮಿಮೀ. ನಾಲ್ಕೈದು ಕೂದಲೆಳೆ ಪಕ್ಕಪಕ್ಕ ಇಟ್ಟಷ್ಟು. ನಾಲ್ಕು ತಿಂಗಳ ಅಂಟಿಗೆ ಅದನ್ನು ಮುಚ್ಚುವುದು ಯಾವ ಲೆಕ್ಕ! ಚೋಕ್ ಎಳೆದಾಗ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿ ಎಳೆದುಕೊಳ್ಳುತ್ತದೆ, ಹಾಗಾಗಿ ಹೇಗೋ ಓಡುತ್ತದೆ. ಬಿಟ್ಟರೆ ಬರೀ ಗಾಳಿ.

ಕಾರ್ಬೊರೇಟರ್ ಬಿಚ್ಚುವುದು ಅಂದರೆ ಭಯ ಇತ್ತು. ಎರಡು ಕ್ಲಾಂಪು, ಒಂದು ಪೆಟ್ರೋಲ್ ಪೈಪು, ಆಕ್ಸಿಲರೇಟರ್ ಕೇಬಲ್ಲು, ಅಷ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಬೌಲ್‌ನ ಸ್ಕ್ರೂಗಳ ಬಗ್ಗೆ ಮಾತ್ರ ಎಚ್ಚರಿಸಬೇಕು. ತುಂಬಾ ಮೆತ್ತನೆ ಲೋಹ. ಸ್ಕ್ರೂ ಡ್ರೈವರ್ ಒಂದು ಅಳತೆ ಸಣ್ಣದಾದರೂ ತಲೆ ಕಿತ್ತುಹೋಗಿ ನುಣ್ಣಗಾಗುತ್ತದೆ. ನಾಲ್ಕರಲ್ಲಿ ಮೂರು ಬಂದವು, ನಾಲ್ಕನೆಯದನ್ನು ನಾನು ಹಾಳು ಮಾಡಿದೆ. ಕಟಿಂಗ್ ಪ್ಲೇಯರ್‌ನಲ್ಲಿ ತಲೆಯನ್ನು ಪಕ್ಕದಿಂದ ಕಚ್ಚಿ ಹಿಡಿದು ತಿರುಗಿಸಿ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಒಳಗೆ ಹಿತ್ತಾಳೆಯ ಎರಡು ಜೆಟ್. ಎರಡನ್ನೂ ಬಿಚ್ಚಿ ಬೆಳಕಿಗೆ ಹಿಡಿದೆ. ದೊಡ್ಡದರಲ್ಲಿ ಆಕಾಶ ಕಂಡಿತು. ಸಣ್ಣದರಲ್ಲಿ ಕತ್ತಲೆ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಒಂದು ಗಂಟೆ ನೆನೆಸಿದೆ, ಆಮೇಲೆ ಒಂದು ವೈರಿನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿಕೊಂಡು ತೂರಿಸಿದೆ. ಹೊಲಿಯುವ ಸೂಜಿಯನ್ನೋ ಉಕ್ಕಿನ ತಂತಿಯನ್ನೋ ಹಾಕಬಾರದು, ಹಿತ್ತಾಳೆ ಮೆದು, ತೂತು ದೊಡ್ಡದಾಗಿಬಿಡುತ್ತದೆ, ಆಮೇಲೆ ಜೆಟ್ಟನ್ನೇ ಬದಲಿಸಬೇಕು. ಬೆಳಕಿಗೆ ಹಿಡಿದಾಗ ಒಂದು ಸಣ್ಣ ಚುಕ್ಕೆ ಕಂಡಿತಲ್ಲ, ಆಗಿನ ಖುಷಿ ಹೇಳತೀರದು. ಗಾಳಿ ಪೆಟ್ರೋಲಿನ ಹದ ಹೊಂದಿಸುವ ಏರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಒಳಗೆ ತಿರುಗಿಸುತ್ತಾ ಎಷ್ಟು ಸುತ್ತು ಅಂತ ಎಣಿಸಿಕೊಂಡೆ, ಎರಡೂಕಾಲು. ವಾಪಸ್ ಹಾಕುವಾಗ ಪೂರ್ತಿ ಒಳಗೆ ಮುಟ್ಟಿಸಿ ಎರಡೂಕಾಲು ಸುತ್ತು ಹೊರಗೆ ಬಿಟ್ಟೆ. ಕಾರ್ಬೊರೇಟರ್ ಒಳಗಿನ ದಾರಿಗಳಿಗೂ ಸ್ಪ್ರೇ ಹೊಡೆದೆ. ಒಂದು ತೂತಿಗೆ ಹೊಡೆದರೆ ಎಲ್ಲೋ ಇನ್ನೊಂದು ತೂತಿನಿಂದ ಚಿಮ್ಮುತ್ತದೆ ಅನ್ನುವುದು ಹೊಳೆದಿರಲಿಲ್ಲ. ಸರಿಯಾಗಿ ಮುಖಕ್ಕೇ ಬಂತು. ಕನ್ನಡಕ ಇತ್ತು, ಬಚಾವ್.

ಜೋಡಿಸಲು ಹೋದರೆ ಬೌಲ್‌ನ ರಬ್ಬರ್ ರಿಂಗ್ ಕೂರುತ್ತಿಲ್ಲ. ತೆಗೆಯುವಾಗ ಸರಿಯಾಗಿದ್ದದ್ದು ಈಗ ಉದ್ದವಾಗಿದೆ, ಒಂದು ಕಡೆ ತುರುಕಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಬೇರೆ ಬೈಕಿನದು ಏನಾದರೂ ಬಂದುಬಿಟ್ಟಿತಾ ಅನ್ನಿಸುವಷ್ಟು. ಪೆಟ್ರೋಲ್ ಕುಡಿದ ರಬ್ಬರು ಉಬ್ಬುತ್ತದೆ, ಬಿಸಿಲಿಗೆ ಇಟ್ಟು ಎರಡು ಗಂಟೆ ಬಿಟ್ಟರೆ ಮತ್ತೆ ಕುಗ್ಗುತ್ತದೆ. ಇದು ಗೊತ್ತಿಲ್ಲದೆ ಅರ್ಧ ಗಂಟೆ ಅದರ ಜೊತೆ ಜಗಳ ಆಡಿದೆ, ಬೇಸತ್ತು ಎಸೆದು ಊಟಕ್ಕೆ ಹೋದೆ, ಬಂದು ನೋಡಿದರೆ ತಾನಾಗಿ ಕೂತಿತು.

ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದೆ. ಮೊದಲನೇ ಕಿಕ್ಕಿಗೆ ಹತ್ತಿಕೊಂಡಿತು, ಚೋಕ್ ಬಿಟ್ಟರೂ ಓಡಿತು. ಎರಡು ದಿನ ರಾಜನ ಹಾಗೆ ಓಡಾಡಿದೆ. ಸಿಕ್ಕವರಿಗೆಲ್ಲ ಕಾರ್ಬೊರೇಟರ್ ಪುರಾಣ ಹೇಳಿದೆ.

ಮೂರನೇ ದಿನ ಬೈಕು ತೊಳೆದೆ. ಪೈಪ್ ಹಿಡಿದು ಚೆನ್ನಾಗಿ. ನಾಲ್ಕನೇ ದಿನ ಬೆಳಿಗ್ಗೆ ಸೆಲ್ಫ್ ತಿರುಗುತ್ತದೆ, ಇಂಜಿನ್ ಹತ್ತಿಕೊಳ್ಳುತ್ತಿಲ್ಲ.

ನನಗೆ ಒಂದು ಕ್ಷಣವೂ ಸಂದೇಹ ಬರಲಿಲ್ಲ. ಟ್ಯಾಂಕಿನ ತಳದಲ್ಲಿದ್ದ ಕಸ ಇಳಿದು ಪೈಲಟ್ ಜೆಟ್ ಮತ್ತೆ ಕಟ್ಟಿಕೊಂಡಿದೆ, ಇನ್ನೇನು. ಮೊನ್ನೆ ಅದೇ ಆಗಿತ್ತಲ್ಲ. ಕೈ ಪಳಗಿತ್ತು ಬೇರೆ, ಇಪ್ಪತ್ತು ನಿಮಿಷದಲ್ಲಿ ಕಾರ್ಬೊರೇಟರ್ ಹೊರಗೆ ಬಂತು. ಜೆಟ್ ಬೆಳಕಿಗೆ ಹಿಡಿದೆ, ಚುಕ್ಕೆ ಚೆನ್ನಾಗಿಯೇ ಕಂಡಿತು. ಆದರೂ ಸ್ಪ್ರೇ ಹೊಡೆದೆ, ಆದರೂ ಎಳೆ ತೂರಿಸಿದೆ. ನೋಡಿ, ತಪ್ಪಿಲ್ಲ ಅಂತ ಕಣ್ಣಿಗೇ ಕಾಣುತ್ತಿದೆ, ಆದರೂ ಶುಚಿ ಮಾಡುತ್ತಿದ್ದೇನೆ. ರಬ್ಬರ್ ರಿಂಗ್ ಮತ್ತೆ ಉಬ್ಬಿತು, ಮತ್ತೆ ಬಿಸಿಲು, ಮತ್ತೆ ಎರಡು ಗಂಟೆ. ಎಲ್ಲ ಜೋಡಿಸಿ ಒದ್ದರೆ ಏನೂ ಇಲ್ಲ. ಚೋಕ್ ಎಳೆದು ಒದ್ದರೂ ಇಲ್ಲ. ಮೊನ್ನೆ ಚೋಕಿಗಾದರೂ ಓಡುತ್ತಿತ್ತು, ಇವತ್ತು ಅದೂ ಇಲ್ಲ. ಈ ವ್ಯತ್ಯಾಸವೇ ಏನೋ ಹೇಳುತ್ತಿತ್ತು, ನನಗೆ ಕೇಳಿಸಲಿಲ್ಲ.

ಮಧ್ಯಾಹ್ನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಒಂದು ಕಾಲದಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು, ನನ್ನದೇ ಮಾಡೆಲ್ ಬೈಕು ಇಟ್ಟುಕೊಂಡಿದ್ದಾನೆ.

"ಪ್ಲಗ್ ನೋಡಿದ್ಯಾ?"

"ಇಲ್ಲ ಕಣೋ, ಕಾರ್ಬೊರೇಟರ್ ಬಿಚ್ಚಿ ಪೂರ್ತಿ ಕ್ಲೀನ್ ಮಾಡ್ದೆ, ಆದ್ರೂ..."

"ನಾನು ಕೇಳಿದ್ದು ಪ್ಲಗ್. ಒದ್ದೆ ಇದೆಯಾ, ಒಣಗಿದೆಯಾ?"

"ನೋಡಿಲ್ಲ."

"ಮತ್ತೆ ಕಾರ್ಬೊರೇಟರ್ ಯಾಕೋ ಬಿಚ್ಚಿದೆ?"

ಉತ್ತರ ಇರಲಿಲ್ಲ. ಫೋನ್ ಕಿವಿಗೆ ಇಟ್ಟುಕೊಂಡೇ ಪ್ಲಗ್ ಬಿಚ್ಚಿದೆ. ತೊಟ್ಟಿಕ್ಕುತ್ತಿತ್ತು. ಪೆಟ್ರೋಲ್ ಓವರ್ ಆಗಿದೆ ಅಂತಾರಲ್ಲ, ಹಾಗೆ. ಅಂದರೆ ಒಳಗೆ ಪೆಟ್ರೋಲ್ ಬೇಕಾದಷ್ಟು ಬರುತ್ತಿದೆ, ಉರಿಯುತ್ತಿಲ್ಲ. ಮೊನ್ನೆ ಒಣಗಿದ್ದ ಪ್ಲಗ್ ಪೆಟ್ರೋಲ್ ಕಡೆ ಬೆರಳು ತೋರಿಸಿತ್ತು, ಇವತ್ತು ಒದ್ದೆಯಾಗಿರುವ ಪ್ಲಗ್ ಕರೆಂಟಿನ ಕಡೆ ತೋರಿಸುತ್ತಿದೆ. ಎರಡು ನಿಮಿಷದ ಕೆಲಸ. ನಾನು ಬೆಳಿಗ್ಗೆಯೆಲ್ಲ ಸರಿಯಿದ್ದ ಕಾರ್ಬೊರೇಟರ್‌ಗೆ ಸ್ನಾನ ಮಾಡಿಸುತ್ತಾ ಕೂತಿದ್ದೆ.

ಗೆಳೆಯ ಸಾಯಂಕಾಲ ಬರುತ್ತೇನೆ ಅಂದ, ಅಷ್ಟರಲ್ಲಿ ಮಾಡಬೇಕಾದ್ದನ್ನು ಹೇಳಿದ. ಮೊದಲು ಸಿಲಿಂಡರ್ ಒಣಗಿಸಬೇಕು. ಪ್ಲಗ್ ಹೊರಗಿಟ್ಟು, ಪೆಟ್ರೋಲ್ ನಾಬ್ ಬಂದ್ ಮಾಡಿ, ಕೀ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹತ್ತು ಹನ್ನೆರಡು ಸಲ ಕಿಕ್ ಹೊಡೆದೆ. ಪ್ಲಗ್ ತೂತಿನಿಂದ ಪೆಟ್ರೋಲ್ ಹಬೆ ಹಾಗೆ ಹೊರಗೆ ಬಂತು. ಹಾಗೇ ಹೆಬ್ಬೆರಳು ತೂತಿಗೆ ಒತ್ತಿ ಹಿಡಿದು ತಮ್ಮನಿಗೆ ಕಿಕ್ ಹೊಡೆಯಲು ಹೇಳಿದೆ. ಬೆರಳನ್ನು ಪಟ್ಟಂತ ಎಗರಿಸಿತು. ಇದು ಒರಟು ಪರೀಕ್ಷೆ, ಆದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಒತ್ತುವ ಶಕ್ತಿ, ಪೂರ್ತಿ ಹೋಗಿಲ್ಲ ಅಂತ ತಿಳಿಯಲು ಸಾಕು.

ಆಮೇಲೆ ಕಿಡಿ ನೋಡುವುದು. ಚೆಲ್ಲಿದ ಪೆಟ್ರೋಲ್ ಒರೆಸಿ, ಅದು ಆರುವವರೆಗೆ ಕಾದು, ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ವೈರಿನ ತುದಿಯ ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ತೂತಿನಿಂದ ದೂರದಲ್ಲಿ ಇಂಜಿನ್‌ಗೆ ಒತ್ತಿ ಹಿಡಿಯಬೇಕು. ಇದರಲ್ಲಿ ಆತುರ ಬೇಡ, ಪೆಟ್ರೋಲ್ ಹಬೆ ಇರುವಲ್ಲಿ ಕಿಡಿ ಹಾರಿಸುತ್ತಿದ್ದೇವೆ. ಪ್ಲಗ್ ಮೈ ಇಂಜಿನ್‌ಗೆ ತಾಗದೆ ಗಾಳಿಯಲ್ಲಿ ನೇತಾಡುತ್ತಿದ್ದರೆ ಸಿಡಿಐ, ಕಾಯಿಲ್‌ಗೆ ಪೆಟ್ಟು ಬೀಳಬಹುದು, ಕೈಗೆ ಶಾಕ್ ಹೊಡೆಯಲೂಬಹುದು. ತಮ್ಮ ಕಿಕ್ ಹೊಡೆದ. ಮೂರು ಸಲಕ್ಕೆ ಒಂದು ಸಲ ಕಿಡಿ ಬಂತು. ಅದೂ ಕೆಂಪಗೆ, ಬಡಕಲು. ಒಳ್ಳೆಯ ಕಿಡಿ ನೀಲಿ ಬಿಳಿ ಇರುತ್ತದೆ, ಚಟ್ ಅಂತ ಸದ್ದು ಕೇಳಿಸುತ್ತದೆ.

ಇಲ್ಲೇ ನಾನು ಇನ್ನೊಂದು ಸಲ ಮೋಸ ಹೋಗುತ್ತಿದ್ದೆ. ಕಿಡಿ ಬರುತ್ತಿದೆಯಲ್ಲ, ಹಾಗಾದರೆ ಕರೆಂಟ್ ಸರಿಯಿದೆ ಅಂತ. ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರ್ ಒಳಗೆ ಹಾರಬೇಕು ಅಂತೇನಿಲ್ಲ. ಒಳಗೆ ಗಾಳಿ ಒತ್ತಿ ತುಂಬಿರುತ್ತದೆ, ಪ್ಲಗ್ ತುದಿಯ ಅಷ್ಟೇ ಗ್ಯಾಪ್ ದಾಟಲು ತುಂಬಾ ಜಾಸ್ತಿ ವೋಲ್ಟೇಜ್ ಬೇಕು. ಹೊರಗೇ ಹೀಗೆ ಏದುಸಿರು ಬಿಡುವ ಕಿಡಿ ಒಳಗೆ ಏನು ಮಾಡೀತು?

ಹೊಸ ಪ್ಲಗ್ ಒಂದು ಮನೆಯಲ್ಲಿತ್ತು. ಗ್ಯಾಪ್ 0.7 ಮಿಮೀ ಇದೆ ಅಂತ ನೋಡಿಕೊಂಡು ಹಾಕಿದೆ. ಅದೇ ಬಡಕಲು ಕಿಡಿ. ಪ್ಲಗ್ ಅಲ್ಲ ಅಂತಾಯಿತು. ಗೆಳೆಯ ಬಂದ. ಬಂದವನು ನನ್ನ ಮಾತು ಕೇಳಿ ಮೊದಲು ತನ್ನ ಬೈಕಿನ ಸಿಡಿಐ ಬಿಚ್ಚಿ ಇದಕ್ಕೆ ಸಿಕ್ಕಿಸಿದ. ಸಿಡಿಐ ಹೋಗಿದೆ ಅಂತ ನಾನು ತೀರ್ಮಾನ ಮಾಡಿಯಾಗಿತ್ತು, ಯಾಕೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅದು ಕಪ್ಪು ಡಬ್ಬಿ, ಒಳಗೇನಿದೆ ಗೊತ್ತಿಲ್ಲ, ಅದಕ್ಕೇ ಅನುಮಾನ. ಹಾಕಿ ನೋಡಿದರೆ ಏನೂ ಬದಲಾಗಲಿಲ್ಲ. ಅವನು ತನ್ನದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಸುಮ್ನೆ ಹೊಸದು ತಂದಿದ್ದರೆ ದುಡ್ಡು ದಂಡವಾಗುತ್ತಿತ್ತು.

ಅಷ್ಟರಲ್ಲಿ ಕತ್ತಲಾಗಿತ್ತು. ದೀಪ ತರುತ್ತೇನೆ ಅಂತ ನಾನು ಎದ್ದೆ. ತಮ್ಮ ಸುಮ್ಮನೆ ಕೂರಲಾರದೆ, ಪ್ಲಗ್ ಹಾಕಿದ್ದ ಬೈಕಿಗೆ ಕಿಕ್ ಹೊಡೆಯುತ್ತಲೇ ಇದ್ದ. "ಅಣ್ಣಾ, ಇಲ್ಲೇನೋ ಮಿಂಚಿತು" ಅಂದ. ಮೂವರೂ ಬಗ್ಗಿದೆವು. ಮತ್ತೆ ಕಿಕ್. ಪ್ಲಗ್ ಕ್ಯಾಪ್‌ನ ಪಕ್ಕದಿಂದ ಇಂಜಿನ್ನಿನ ಮೈಮೇಲಿನ ಲೋಹದ ಪಟ್ಟಿಗೆ ನೂಲಿನಷ್ಟು ತೆಳ್ಳಗಿನ ನೀಲಿ ಗೆರೆ. ಬಂತು, ಹೋಯಿತು. ಗೆಳೆಯ ನಕ್ಕ. "ದೀಪ ತರಬೇಡ, ಇನ್ನೊಂದು ಸಲ ನೋಡೋಣ" ಅಂದ. ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು, ಹಗಲಿನಲ್ಲಿ ನೂರು ಸಲ ಒದ್ದರೂ ಕಾಣುತ್ತಿರಲಿಲ್ಲ.

ಪ್ಲಗ್ ಕ್ಯಾಪ್ ವೈರಿಗೆ ತಿರುಪಿನ ಹಾಗೆ ಕೂತಿರುತ್ತದೆ, ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದೆವು. ವೈರಿನ ತುದಿ ಹಸಿರು ಹಿಡಿದು ಪುಡಿಪುಡಿ. ಕ್ಯಾಪ್‌ನ ಬಾಯಿಯ ರಬ್ಬರ್ ಸೀಲ್ ಒಂದು ಕಡೆ ಸೀಳಿತ್ತು, ಮೈಯಲ್ಲಿ ಕೂದಲಿನಂಥ ಬಿರುಕು. ಇಂಥ ಕ್ಯಾಪ್ ಒಳಗೆ ಒಂದು ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ 5 ಕಿಲೋ ಓಮ್ ಆಸುಪಾಸು. ಮಲ್ಟಿಮೀಟರ್ ಇಟ್ಟರೆ ನನ್ನದು ಒಮ್ಮೆ 80 ತೋರಿಸಿತು, ಸ್ವಲ್ಪ ಅಲುಗಿಸಿದರೆ ಏನೂ ಇಲ್ಲ. ಒಳಗೆ ದಾರಿಯೇ ತುಂಡಾಗಿದೆ, ಹೊರಗೆ ಬಿರುಕಿನಲ್ಲಿ ನೀರು ನಿಂತಿದೆ. ಕರೆಂಟಿಗೆ ಸುಲಭದ ದಾರಿ ಯಾವುದು? ಪ್ಲಗ್ ಗ್ಯಾಪ್ ಬಿಟ್ಟು ಪಕ್ಕದಿಂದಲೇ ಇಂಜಿನ್‌ಗೆ ಹಾರಿಹೋಗುತ್ತಿತ್ತು. ಒಣಗಿದ್ದ ಎರಡು ದಿನ ಅದು ಹೇಗೋ ತುಕ್ಕನ್ನು ದಾಟಿ ಪ್ಲಗ್ ಮುಟ್ಟುತ್ತಿತ್ತು, ನಾನು ಪೈಪ್ ಹಿಡಿದು ತೊಳೆದು ಅದಕ್ಕೆ ಅಡ್ಡದಾರಿ ಮಾಡಿಕೊಟ್ಟೆ.

ವೈರಿನ ತುದಿಯಿಂದ ಒಂದು ಸೆಂಟಿಮೀಟರ್ ಕತ್ತರಿಸಿದೆವು. ಒಳಗೆ ಹೊಳೆಯುವ ತಾಮ್ರ ಕಂಡಿತು. ಕತ್ತರಿಸಲು ವೈರು ಉದ್ದ ಇದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು, ಕೆಲವು ಬೈಕಿನಲ್ಲಿ ಅದು ಕಾಯಿಲ್‌ಗೇ ಅಂಟಿಕೊಂಡಿರುತ್ತದೆ, ಗಿಡ್ಡವಾದರೆ ಕಾಯಿಲ್ಲೇ ಬದಲಿಸಬೇಕಾಗುತ್ತದೆ. ಕ್ಯಾಪ್ ಮರುದಿನ ಹೊಸದು ತಂದೆ. ವೈರಿನ ನಟ್ಟನಡುವೆ ಕ್ಯಾಪ್‌ನ ತಿರುಪು ಇಳಿಯುವ ಹಾಗೆ ತಿರುಗಿಸಿ ಬಿಗಿದೆ. ಕಿಡಿ ನೋಡಿದೆ, ನೀಲಿ, ಚಟ್. ಕಿಕ್ಕರ್ ಅರ್ಧ ಇಳಿಯುವಷ್ಟರಲ್ಲಿ ಇಂಜಿನ್ ಹತ್ತಿಕೊಂಡಿತು.

ಬೈಕು ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್‌ಗೆ ಮೀಟರ್ ಹಿಡಿದು ರೇಸ್ ಮಾಡಿ ನೋಡಿದೆ, 14.1. ಅಂದರೆ ಚಾರ್ಜ್ ಆಗುತ್ತಿದೆ. 13ಕ್ಕಿಂತ ಕಮ್ಮಿ ಇದ್ದಿದ್ದರೆ ಇನ್ನು ನಾಲ್ಕು ದಿನಕ್ಕೆ ಮತ್ತೆ ಟಕಟಕ ಶುರುವಾಗುತ್ತಿತ್ತು. 15 ದಾಟಿದ್ದರೆ ಚಾರ್ಜಿನ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ನೋಡಬೇಕಿತ್ತು.

ತಮ್ಮನ ಬೈಕು ಹೊಸ ಥರದ್ದು, ಕಾರ್ಬೊರೇಟರ್ ಬದಲು ಪಂಪಿನ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್‌ದು. ಅದರಲ್ಲಿ ಚೋಕೂ ಇಲ್ಲ, ಪೆಟ್ರೋಲ್ ನಾಬೂ ಇಲ್ಲ. ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ ಗುಂಯ್ ಅಂತ ಪಂಪ್ ಸದ್ದು ಬರುತ್ತದಾ ಅಂತ ಕಿವಿಗೊಟ್ಟು ಕೇಳಬೇಕು, ಬರದಿದ್ದರೆ ಮೊದಲು ಫ್ಯೂಸ್. ಸೈಡ್ ಸ್ಟ್ಯಾಂಡ್ ಇಳಿದಿದ್ದು ಗೇರಿನಲ್ಲಿದ್ದರೆ ಹತ್ತಿಕೊಳ್ಳುವುದೇ ಇಲ್ಲ. ಒಂದು ಸಲ ಅವನು ಅದೇ ಕಾರಣಕ್ಕೆ ಅರ್ಧ ಗಂಟೆ ಪರದಾಡಿದ್ದ. ಕಿಲ್ ಸ್ವಿಚ್ ಬಗ್ಗೆ ಅವನು ಬಾಯಿ ತೆಗೆದಾಗೆಲ್ಲ ನಾನು ಇದನ್ನು ನೆನಪಿಸುತ್ತೇನೆ.

ಗೆಳೆಯ ಹೋಗುವಾಗ, ಒಂದು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಪೆಟ್ರೋಲ್ ನಾಬ್ ಬಂದ್ ಮಾಡಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸು, ಬೌಲ್ ಖಾಲಿಯಾಗುತ್ತದೆ ಅಂತ ಹೇಳಿ ಹೋದ. ನಾನು ಅತಿ ಮಾಡಿ ದಿನಾ ರಾತ್ರಿ ನಾಬ್ ಬಂದ್ ಮಾಡುವ ಅಭ್ಯಾಸ ಇಟ್ಟುಕೊಂಡೆ. ನಿನ್ನೆ ಬೆಳಿಗ್ಗೆ ಆತುರದಲ್ಲಿ ಹೊರಟೆ. ಒಂದೇ ಕಿಕ್, ಗುರುಗುಟ್ಟಿತು, ಹೊರಟೆ. ಅರ್ಧ ಕಿಲೋಮೀಟರ್ ಹೋಗಿರಬಹುದು, ಎರಡು ಸಲ ಕೆಮ್ಮಿ ನಡುರಸ್ತೆಯಲ್ಲಿ ನಿಂತುಹೋಯಿತು. ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಟೂಲ್ ಬಾಕ್ಸ್ ತೆಗೆದು ಪ್ಲಗ್ ಪಾನಾ ಕೈಗೆತ್ತಿಕೊಂಡೆ. ಬಿಚ್ಚಲು ಬಗ್ಗಿದಾಗ ನಾಬ್ ಕಣ್ಣಿಗೆ ಬಿತ್ತು.